ನೇರಳೆ ತಂತಿಯಲ್ಲಿ ಸೊನ್ನೆ

ಮನೆಯಲ್ಲಿ ಏನಾದರೂ ಕೆಟ್ಟರೆ ಜನ ಮೊದಲು ಹುಡುಕುವುದು ಕಾರಣವನ್ನಲ್ಲ, ಆಸಾಮಿಯನ್ನು. ಮಿಕ್ಸರ್ ನಿಂತಿತೋ, ಯಾರು ಹಚ್ಚಿದ್ದರು? ನಲ್ಲಿ ಸೋರಿತೋ, ಯಾರು ತಿರುವಿದ್ದರು? ಮನೆಯಲ್ಲಿ ಒಬ್ಬ ಮುದುಕಿ ಇದ್ದರೆ ಈ ಹುಡುಕಾಟ ಬಹಳ ಬೇಗ ಮುಗಿಯುತ್ತದೆ. ಟಿವಿಯ ರಿಮೋಟು ಕಾಣದಿದ್ದರೆ ನಮ್ಮ ಮನೆಯಲ್ಲಿ ಮೊದಲು ನನ್ನನ್ನು ಎಬ್ಬಿಸಿ ನಾನು ಕುಳಿತ ಜಾಗ ನೋಡುತ್ತಾರೆ. ಅಲ್ಲಿ ಸಿಕ್ಕರೆ ನಾನು ಅದರ ಮೇಲೆ ಕುಳಿತದ್ದು ತಪ್ಪು, ಸಿಗದಿದ್ದರೆ ನಾನು ಎಲ್ಲೋ ಇಟ್ಟು ಮರೆತದ್ದು ತಪ್ಪು. ಇದಕ್ಕೆ ನಾನು ಬೇಸರ ಮಾಡಿಕೊಂಡವಳಲ್ಲ. ಈ ಮನೆಗೆ ನನ್ನಿಂದ ಆಗುತ್ತಿರುವ ದೊಡ್ಡ ಉಪಕಾರವೇ ಅದು. ನಾನಿಲ್ಲದಿದ್ದರೆ ಮಗ ಸೊಸೆ ಇಬ್ಬರೂ ಒಬ್ಬರ ಮೇಲೊಬ್ಬರು ಹೊರಿಸಿಕೊಂಡು ಎಂದೋ ಬೇರೆಯಾಗುತ್ತಿದ್ದರು. ಆದರೆ ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಆ ಗುರುವಾರ ಕಂಪ್ಯೂಟರ್ ಕೆಟ್ಟದ್ದು ನನ್ನಿಂದಲ್ಲ. ಅದು ಕೆಟ್ಟಾಗ ನನಗೆ ಸ್ವಲ್ಪ ಸಮಾಧಾನವಾಯಿತು ಎಂಬುದು ಬೇರೆ ವಿಷಯ. ಸಮಾಧಾನಪಟ್ಟವರೆಲ್ಲ ಕಳ್ಳರಾದರೆ ಈ ಮುಂಬಯಿಯಲ್ಲಿ ಜೈಲಿನ ಹೊರಗೆ ಯಾರೂ ಉಳಿಯುವುದಿಲ್ಲ.

ಗೋರೆಗಾಂವಿನಲ್ಲಿ ನಮ್ಮದು ಮೊದಲು ಚಾಳಿನ ಸಾಲುಮನೆ. ಆಮೇಲೆ ಅದನ್ನು ಕೆಡವಿ, ಅದೇ ಜಾಗದಲ್ಲಿ ಬಿಲ್ಡಿಂಗ್ ಎಬ್ಬಿಸಿ, ಐದನೆಯ ಮಾಳಿಗೆಯಲ್ಲಿ ನಮಗೆ ಒಂದು ಕೋಣೆ, ಒಂದು ಅಡಿಗೆಮನೆ ಕೊಟ್ಟರು. ಚಾಳಿನಲ್ಲಿ ಎಲ್ಲರ ಬಾಗಿಲೂ ತೆರೆದಿರುತ್ತಿದ್ದವು, ಜಗಳ ಎದುರಿಗೇ ನೋಡಬಹುದಿತ್ತು. ಈಗ ಬಾಗಿಲು ಮುಚ್ಚಿರುತ್ತವೆ, ಕಿವಿ ಹಚ್ಚಿ ಕೇಳಬೇಕು. ಇಷ್ಟೇ ಸುಧಾರಣೆ. ಮನೆಯಲ್ಲಿ ಮೂವರು: ನಾನು, ಮಗ ಬಸವರಾಜ, ಸೊಸೆ ಶಿಲ್ಪಾ. ಬಸವರಾಜ ಒಂದು ಆಫೀಸಿನ ಗಾಡಿ ಓಡಿಸುತ್ತಾನೆ, ಗುರುವಾರ ರಜೆ. ಶಿಲ್ಪಾ ಹುಟ್ಟಿ ಬೆಳೆದದ್ದು ಮುಲುಂಡಿನಲ್ಲಿ. ಅವಳ ಅಪ್ಪ, ಅವ್ವ ಕಲಬುರ್ಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಅವಳು ಕನ್ನಡ ಮಾತಾಡುವುದು ಬಿಸಿ ಚಹಾ ಕುಡಿಯುವವರ ಹಾಗೆ, ಊದಿ ಊದಿ. ಸಿಟ್ಟು ಬಂದರೆ ಹಿಂದಿಗೆ ಇಳಿಯುತ್ತಾಳೆ. ಒಂದು ಮಾತಿನಲ್ಲಿ ಹಿಂದಿ ಎಷ್ಟು ಬೆರೆತಿದೆ ಎಂದು ನೋಡಿ ಸಿಟ್ಟು ಎಷ್ಟು ಬಂದಿದೆ ಎಂದು ನಾನು ಹೇಳಬಲ್ಲೆ. ಪೂರಾ ಹಿಂದಿ ಬಂತೆಂದರೆ ನಾನು ಜಪಮಣಿ ಹುಡುಕಲು ಏಳುತ್ತೇನೆ.

ಈ ಶಿಲ್ಪಾ ಮದುವೆಯಾಗಿ ಒಂಬತ್ತು ವರ್ಷ ಈ ಒಂದೂವರೆ ಕೋಣೆಯಲ್ಲಿ ನನ್ನ ಮುಖ ನೋಡಿಕೊಂಡು ಕುಳಿತವಳು, ಒಂದು ದಿನ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಅರ್ಜಿ ಹಾಕಿದಳು. ಬಂದ ರೋಗಿಗಳ ಹೆಸರು, ಊರು, ಬೇನೆ ಎಲ್ಲ ಕಂಪ್ಯೂಟರಿನಲ್ಲಿ ಬರೆದುಕೊಳ್ಳುವ ಕೆಲಸ. ಅದಕ್ಕೆ ಟೈಪಿಂಗಿನ ಪರೀಕ್ಷೆ. ಪರೀಕ್ಷೆಗೆ ಹೋಗಬೇಕಾಗಿಲ್ಲ, ಪರೀಕ್ಷೆಯೇ ಮನೆಗೆ ಬರುತ್ತದೆ. ಗುರುವಾರ ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಕಂಪ್ಯೂಟರ್ ಮುಂದೆ ಕೂರಬೇಕು, ಮೊಬೈಲಿನಲ್ಲಿ ನಡೆಯುವುದಿಲ್ಲ, ತಪ್ಪಿದರೆ ಇನ್ನೊಂದು ಸಲ ಕೊಡುವುದಿಲ್ಲ. ಬಸವರಾಜನ ಆಫೀಸಿನವರು ಎಸೆಯಲು ಇಟ್ಟಿದ್ದ ಒಂದು ಹಳೆಯ ಕಂಪ್ಯೂಟರನ್ನು ಅವನು ಹೊತ್ತು ತಂದ. ಎರಡು ತಿಂಗಳು ಇವಳು ದಿನಾ ಮಧ್ಯಾಹ್ನ ಟಕಟಕ ಹೊಡೆದಳು. ನಾನು ಮಲಗುವ ಮಂಚಕ್ಕೂ ಆ ಮೇಜಿಗೂ ಒಂದು ಮೊಳ ಅಂತರ. ಎರಡು ತಿಂಗಳು ನನ್ನ ಕನಸಿನಲ್ಲೆಲ್ಲ ಯಾರೋ ಶೇಂಗಾ ಸುಲಿಯುತ್ತಿದ್ದರು.

ನಾನು ಸುಮ್ಮನೆ ಇರಲಿಲ್ಲ. ಮನಸ್ಸಿನಲ್ಲಿ ಒಂದಿಟ್ಟುಕೊಂಡು ಹೊರಗೆ ಒಂದು ಆಡುವುದು ನನಗೆ ಬರುವುದಿಲ್ಲ, ಕಲಿಯಲು ಶಾಲೆಗೆ ಹೋದದ್ದೂ ಮೂರನೆಯ ಇಯತ್ತೆಯವರೆಗೆ ಮಾತ್ರ. ಅರ್ಜಿ ಹಾಕಿದ ದಿನವೇ ಕೇಳಿದೆ: “ನೀ ಮುಂಜಾನೆ ಎಂಟಕ್ಕ ಹೊಂಟ್ರ ರೊಟ್ಟಿ ಯಾರ್ ಬಡೀಬೇಕವಾ? ನನ್ನ ಮೊಣಕಾಲು ಎರಡೂ ರಜಾ ಹಾಕ್ಯಾವ.” ಬಾಗಿಲು ತೆರೆದಿತ್ತು. ಎದುರು ಮನೆಯ ಸುರೇಖಾತಾಯಿ ಅಕ್ಕಿ ಆರಿಸುತ್ತ ಕುಳಿತಿದ್ದಳು. ಕನ್ನಡ ಬಾರದ ಆ ಮರಾಠಿ ಹೆಂಗಸಿಗೆ ಆ ಒಂದು ಮಾತು ಹೇಗೆ ಅರ್ಥವಾಯಿತೋ ಆ ಶಿವನೇ ಬಲ್ಲ. ಸಂಜೆಯೊಳಗೆ ಐದನೆಯ ಮಾಳಿಗೆಗೆಲ್ಲ ಗೊತ್ತಾಯಿತು, ಅತ್ತೆ ಅಡ್ಡಗಾಲು ಹಾಕುತ್ತಿದ್ದಾಳೆ ಎಂದು. ಲಿಫ್ಟಿನಲ್ಲಿ ಹೆಂಗಸರು ನನ್ನನ್ನು ನೋಡಿ ಶಿಲ್ಪಾಳ ಬೆನ್ನು ಸವರತೊಡಗಿದರು.

ಹೀಗೆ ನನ್ನ ಮೇಲೆ ಹಳೆಯ ಕೇಸು ಇದ್ದದ್ದರಿಂದ, ಆ ಗುರುವಾರ ಬೆಳಿಗ್ಗೆ ಹತ್ತೂವರೆಗೆ ಶಿಲ್ಪಾ ಬಟನ್ ಒತ್ತಿ, ಕಂಪ್ಯೂಟರ್ ಕಲ್ಲಿನ ಹಾಗೆ ಸುಮ್ಮನೆ ಇದ್ದಾಗ, ಅವಳ ಕಣ್ಣು ಮೊದಲು ಹೋದದ್ದು ಕಂಪ್ಯೂಟರಿನ ಹಿಂದಿನ ವೈರಿನ ಕಡೆಗಲ್ಲ, ನನ್ನ ಕಡೆಗೆ. ನಾನು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಬಿಡಿಸುತ್ತಲೇ ಇದ್ದೆ. ಆಕೆ ಮತ್ತೆ ಒತ್ತಿದಳು. ಬಸವರಾಜ ಒತ್ತಿದ. ಅವನು ಒತ್ತುವುದು ಗಾಡಿಯ ಹಾರ್ನ್ ಒತ್ತಿದ ಹಾಗೆ, ಮುಂದಿನವರು ಸರಿಯುತ್ತಾರೆ ಎಂಬ ನಂಬಿಕೆಯಿಂದ. ಸುರೇಖಾತಾಯಿ ಬಂದು ಎಲ್ಲವನ್ನೂ ಬಂದ್ ಮಾಡಿ ಮತ್ತೆ ಚಾಲೂ ಮಾಡಿರಿ ಎಂದಳು. ಮೊದಲೇ ಬಂದ್ ಆಗಿದ್ದನ್ನು ಇನ್ನೆಷ್ಟು ಬಂದ್ ಮಾಡುವುದು? ಮೆಕ್ಯಾನಿಕನಿಗೆ ಫೋನ್ ಹಚ್ಚಿದರು. ಅವನು ಎಲ್ಲೋ ರಸ್ತೆಯ ಮೇಲಿದ್ದ, ಮಷಿನ್ ನೋಡದೆಯೇ ಎಸ್‌ಎಂಪಿಎಸ್ ಹೋಗಿರಬೇಕು, ಸಂಜೆ ಬರುತ್ತೇನೆ ಎಂದ. ಈಗ ಡಾಕ್ಟರರೂ ಫೋನಿನಲ್ಲೇ ಬೇನೆ ಹೇಳುತ್ತಾರೆ, ಇವನದೇನು ತಪ್ಪು.

ಎಸ್‌ಎಂಪಿಎಸ್ ಎಂದರೆ ಮತ್ತೇನಲ್ಲ, ಕಂಪ್ಯೂಟರಿನ ಒಳಗೆ ಮೂಲೆಯಲ್ಲಿರುವ ಒಂದು ತಗಡಿನ ಪೆಟ್ಟಿಗೆ. ಗೋಡೆಯಿಂದ ಬರುವ ದೊಡ್ಡ ಕರೆಂಟನ್ನು ಸಣ್ಣ ಸಣ್ಣ ತುತ್ತು ಮಾಡಿ, ಬಣ್ಣ ಬಣ್ಣದ ತಂತಿಗಳಲ್ಲಿ ಒಳಗಿನ ಭಾಗಗಳಿಗೆ ಹಂಚುತ್ತದೆ. ಅದು ಹೋಗಿದ್ದರೆ ಬಸವರಾಜ ಗ್ರಾಂಟ್ ರೋಡಿನ ಕಂಪ್ಯೂಟರ್ ಬಜಾರಿಗೆ ಹೋಗಿ ಇನ್ನೊಂದನ್ನು ತರಬಹುದು. ಆಗಲೇ ಹೊರಟರೆ ಲೋಕಲ್ ರೈಲು ಹಿಡಿದು ಎರಡೂವರೆಗೆ ವಾಪಸು. ಆದರೆ ಹೋಗಿರುವುದು ಅದೇ ಹೌದೋ ಅಲ್ಲವೋ? ಅಲ್ಲವಾದರೆ ಹೋದ ದಾರಿಯೂ ಹಾಳು, ಪರೀಕ್ಷೆಯೂ ಹಾಳು. ಗಂಡ ಹೆಂಡತಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ಆಗ ನಾನು ಸೊಪ್ಪಿನ ತಟ್ಟೆ ಸರಿಸಿ ಹೇಳಿದೆ, ನಾನು ಅಳೆದು ಹೇಳುತ್ತೇನೆ ಎಂದು. ವಿಮಾನ ನಾನು ಓಡಿಸುತ್ತೇನೆ ಎಂದಿದ್ದರೂ ಅವರು ಅಷ್ಟು ಬಾಯಿ ತೆರೆಯುತ್ತಿರಲಿಲ್ಲ.

ಅವರಿಗೆ ಮರೆತಿರಬಹುದು, ನನಗೆ ಮರೆತಿಲ್ಲ. ನನ್ನ ಗಂಡನಿಗೆ ಸ್ಟೇಷನ್ ಹತ್ತಿರ ಒಂದು ರಿಪೇರಿ ಅಂಗಡಿ ಇತ್ತು. ಅಂಗಡಿ ಎಂದರೆ ಇಬ್ಬರು ಕುಳಿತರೆ ಮೂರನೆಯವನ ನೆರಳು ಹೊರಗೆ ಬೀಳುವಷ್ಟು. ಇಸ್ತ್ರಿ, ಫ್ಯಾನು, ಮಿಕ್ಸರು. ಆ ಮನುಷ್ಯನಿಗೆ ಕೈ ಚುರುಕು, ಕಣ್ಣು ಮಂದ, ಚಾಳೀಸು ಹಾಕಿಕೊಳ್ಳಲು ಜಂಬ ಅಡ್ಡ. ಹಾಗಾಗಿ ಮೀಟರಿನ ಎರಡು ಕಡ್ಡಿಗಳನ್ನು ಅವನು ಹಿಡಿಯುವುದು, ಮೇಲೆ ಬಂದ ಅಂಕಿಯನ್ನು ನಾನು ಓದುವುದು. ಇಪ್ಪತ್ತು ವರ್ಷ ನಾವು ಗಂಡ ಹೆಂಡತಿ ಮಾತಾಡಿದ್ದು ಹೆಚ್ಚಾಗಿ ಅಂಕಿಯಲ್ಲೇ. ಎಷ್ಟು? ಇನ್ನೂರ ಇಪ್ಪತ್ತೆಂಟು. ಈಗ? ಸೊನ್ನೆ. ಸಂಸಾರ ಬಹಳ ನೆಮ್ಮದಿಯಿಂದ ನಡೆಯಿತು. ಪಕ್ಕದಲ್ಲಿ ಕಂಪ್ಯೂಟರ್ ರಿಪೇರಿಯವನೊಬ್ಬ ಅಂಗಡಿ ಹಾಕಿದ ಮೇಲೆ ಈ ತಗಡಿನ ಪೆಟ್ಟಿಗೆಗಳೂ ನಮ್ಮ ಕಡೆ ಬರತೊಡಗಿದವು. ಅಕ್ಷರ ನನಗೆ ಕಷ್ಟ, ಬಣ್ಣ ಮರೆಯುವುದಿಲ್ಲ. ಹಳದಿ ಹನ್ನೆರಡು ವೋಲ್ಟು, ಕೆಂಪು ಐದು, ಕಿತ್ತಳೆ ಮೂರೂ ಚಿಲ್ಲರೆ, ಕಪ್ಪು ಎಲ್ಲರ ಕೆಳಗಿನ ಸೊನ್ನೆ. ನೇರಳೆ ತಂತಿಯಲ್ಲಿ ಮಾತ್ರ ಬಟನ್ ಒತ್ತಲಿ ಬಿಡಲಿ, ಗೋಡೆಯ ಸ್ವಿಚ್ ಹಾಕಿದ್ದರೆ ಸಾಕು, ಐದು ನಿಂತೇ ಇರಬೇಕು. ಮನೆಯವರೆಲ್ಲ ಮಲಗಿದರೂ ಒಬ್ಬ ಎಚ್ಚರ ಇದ್ದ ಹಾಗೆ. ಗಿರಾಕಿ ಬಂದು ಏನೇ ಕತೆ ಹೇಳಿದರೂ ನನ್ನ ಗಂಡ ಕೇಳುತ್ತಿರಲಿಲ್ಲ. ಮನುಷ್ಯನ ಮಾತು ಅವನಿಗೆ ಗಾಳಿ, ಮೀಟರಿನ ಮಾತು ಶಾಸನ. ನನ್ನ ಮಾತೂ ಅದರಲ್ಲಿ ಗಾಳಿಯ ಕಡೆಗೇ ಸೇರಿತ್ತು.

ಮೀಟರು ಅಟ್ಟದ ಮೇಲಿನ ಡಬ್ಬಿಯಲ್ಲಿತ್ತು. ಗಂಡ ಹೋದ ಮೇಲೆ ಆರು ವರ್ಷ ಅದನ್ನು ಕೆಲಸಕ್ಕೆ ತೆಗೆದಿರಲಿಲ್ಲ. ಬಸವರಾಜ ಕೆಳಗಿನ ಅಂಗಡಿಯಿಂದ ಅದಕ್ಕೆ ಚೌಕು ಬ್ಯಾಟರಿ ತಂದ. ಹಾಕಿದ ಕೂಡಲೇ ಅಂಕಿ ಹೊಳೆಯಿತು, ನನ್ನ ಮುಖವೂ ಹೊಳೆದಿರಬೇಕು. ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿಸಿದೆ. ಪೆಟ್ಟಿಗೆಯಿಂದ ಬರುವ ದೊಡ್ಡ ಕನೆಕ್ಟರನ್ನು ಕೀಳಿಸಿ, ಗೋಡೆಯ ಸ್ವಿಚ್ ಹಾಕಿಸಿದೆ. ಮೀಟರಿನ ಗುಂಡಿಯನ್ನು ಇಪ್ಪತ್ತರ ಮೇಲೆ ತಿರುವಿ, ಕಪ್ಪು ಕಡ್ಡಿಯನ್ನು ಕಪ್ಪು ತಂತಿಯ ತೂತಿಗೆ, ಕೆಂಪು ಕಡ್ಡಿಯನ್ನು ನೇರಳೆ ತಂತಿಯ ತೂತಿಗೆ ಚುಚ್ಚಿ, ಗಂಡ ಕೂರುತ್ತಿದ್ದ ಹಾಗೆಯೇ ಕುತ್ತಿಗೆ ಓರೆ ಮಾಡಿ ಕುಳಿತೆ. ಸುರೇಖಾತಾಯಿ ಬಾಗಿಲಲ್ಲಿ ನಿಂತಿದ್ದಳು, ಅವಳ ಹಿಂದೆ ಇನ್ನಿಬ್ಬರು. ಇಷ್ಟು ಜನ ನನ್ನ ಮದುವೆಗೆ ಬಂದಿದ್ದರೋ ಇಲ್ಲವೋ ನೆನಪಿಲ್ಲ.

ಸೊನ್ನೆ ಬಂತು. ಕಡ್ಡಿ ಒತ್ತಿ ಹಿಡಿದೆ. ಸೊನ್ನೆ. ನಾನು ಕಡ್ಡಿಗಳನ್ನು ಕೆಳಗಿಟ್ಟು ಸೆರಗಿನಿಂದ ಹಣೆ ಒರೆಸಿಕೊಂಡೆ. ಸೆಕೆ ಇರಲಿಲ್ಲ, ಆದರೆ ದೊಡ್ಡ ಡಾಕ್ಟರರು ಹಾಗೇ ಮಾಡುತ್ತಾರೆ. “ಸತ್ತೈತಿ,” ಎಂದೆ. “ನೇರಳೆ ತಂತ್ಯಾಗ ಐದು ಬರಬೇಕು, ಏನೂ ಇಲ್ಲ. ಬಸ್ಯಾ, ಹೊಸಾದು ತಗೊಂಬಾ.” ಇನ್ನೊಂದು ಸಲ ನೋಡಬಾರದೇ ಎಂದು ಶಿಲ್ಪಾ ಮೆಲ್ಲಗೆ ಕೇಳಿದಳು. ಇಪ್ಪತ್ತು ವರ್ಷ ನೋಡಿದವಳಿಗೆ ಇನ್ನೊಂದು ಸಲ ನೋಡು ಎನ್ನುತ್ತೀಯಲ್ಲ ಎಂದು ನಾನು ದಬಾಯಿಸಿದೆ. ಬಸವರಾಜ ಚಪ್ಪಲಿ ಮೆಟ್ಟಿ ಓಡಿದ. ಬಾಗಿಲಿನ ಸಭೆಯೂ ಕರಗಿತು.

ಮನೆಯಲ್ಲಿ ನಾವಿಬ್ಬರೇ ಉಳಿದೆವು. ಶಿಲ್ಪಾ ಬಿಚ್ಚಿದ ತಗಡನ್ನು ಗೋಡೆಗೆ ಒರಗಿಸಿದಳು. ಬೆನ್ನು ನನ್ನ ಕಡೆಗೇ ಇತ್ತು. “ಅತ್ತಿ,” ಎಂದಳು, “ಆಪ್ ಖುಷ್ ಹೈ ನಾ? ಮನಸ್ಸಿಂದ ಹೇಳ್ರಿ.”

ಅರ್ಧ ಹಿಂದಿ, ಅರ್ಧ ಕನ್ನಡ. ನಡುವಿನ ಸಿಟ್ಟು. ಕೂಗಿದ್ದರೆ ನನಗೆ ಉತ್ತರ ಕೊಡುವುದು ಸುಲಭವಿತ್ತು, ಕೂಗಾಟದಲ್ಲಿ ನಾನು ಸೋತವಳಲ್ಲ. ಆದರೆ ಅವಳು ಹಾಲಿನವನಿಗೆ ನಾಳೆ ಎಷ್ಟು ಬೇಕು ಎಂದು ಹೇಳುವ ದನಿಯಲ್ಲಿ ಕೇಳಿದಳು. ನಿಜ ಹೇಳಬೇಕೆಂದರೆ, ಸೊನ್ನೆ ಕಂಡಾಗ ನನ್ನ ಎರಡೂ ಮೊಣಕಾಲು ಒಂದು ಕ್ಷಣ ಹಗುರಾದದ್ದು ಹೌದು. ಬಸವರಾಜ ಎರಡೂವರೆಗೆ ಬರುತ್ತಾನೆ ಎನ್ನುವುದು ಲೋಕಲ್ ಸರಿಯಾಗಿ ಓಡಿದರೆ. ಸರಿಯಾಗಿ ಓಡದಿದ್ದರೆ ಅದಕ್ಕೆ ನಾನೇನು ಮಾಡಲಿ? ಇಂಥ ಲೆಕ್ಕವೊಂದು ತಲೆಯಲ್ಲಿ ತಾನಾಗಿಯೇ ನಡೆದಿತ್ತು. ಶಿಲ್ಪಾ ಯಾರದಾದರೂ ಮನೆಯಲ್ಲಿ ಕಂಪ್ಯೂಟರ್ ಸಿಗುತ್ತದೆಯೇ ಕೇಳಲು ಕೆಳಗಿನ ಮಾಳಿಗೆಗೆ ಹೋದಳು.

ಸುಮ್ಮನೆ ಕೂರಲಾಗದೆ ನಾನು ಮೀಟರನ್ನು ಮತ್ತೆ ಕೈಗೆತ್ತಿಕೊಂಡೆ. ಕೈಗೆ ಇನ್ನೊಮ್ಮೆ ಚಟ ಹತ್ತಿತ್ತು. ಗುಂಡಿಯನ್ನು ದೊಡ್ಡ ಕರೆಂಟಿನ ಕಡೆ ತಿರುವಿ, ಕಡ್ಡಿಗಳನ್ನು ಗೋಡೆಯ ಪ್ಲಗ್ಗಿನ ತೂತಿಗೆ ಹಾಕಿದೆ. ಇನ್ನೂರ ಮೂವತ್ತರ ಆಸುಪಾಸು ಬರಬೇಕು. ಸೊನ್ನೆ ಬಂತು. ಅದೇ ಬೋರ್ಡಿನಲ್ಲಿ, ಬೆರಳಗಲದ ದೂರದಲ್ಲಿ, ಶಿಲ್ಪಾಳ ಮೊಬೈಲು ಹಸಿರು ದೀಪ ಹಚ್ಚಿಕೊಂಡು ಚಾರ್ಜ್ ಆಗುತ್ತಿತ್ತು. ನೆತ್ತಿಯ ಮೇಲೆ ಫ್ಯಾನು ತಿರುಗುತ್ತಿತ್ತು. ಮೀಟರಿನ ಪ್ರಕಾರ ಇಡೀ ಮನೆಯಲ್ಲಿ ಕರೆಂಟೇ ಇರಲಿಲ್ಲ.

ಕಡ್ಡಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಎರಡರ ತುದಿಯೂ ಕಾಣಲಿಲ್ಲ. ಹಳದಿ, ಕೆಂಪು, ಕಂದು ಬಣ್ಣದ ಒಂದು ಗಟ್ಟಿ ಹೊರಪದರ, ಹಳೆಯ ದೇವಸ್ಥಾನದ ನಾಗರಕಲ್ಲಿನ ಹಾಗೆ. ಆಗ ತಿಳಿಯಿತು. ನಾವು ಮಹಾನವಮಿಗೆ ಖಂಡೇಪೂಜೆ ಮಾಡುವ ಜನ. ಮನೆಯ ಈಳಿಗೆ, ಸುತ್ತಿಗೆ, ಮಗನ ಗಾಡಿಯ ಕೀಲಿ, ಎಲ್ಲವನ್ನೂ ಸಾಲಾಗಿ ಇಟ್ಟು ಪೂಜೆ. ಗಂಡ ಇದ್ದಾಗ ಮೀಟರಿನ ಹಿಂಬದಿಗೆ ಒಂದು ಬೊಟ್ಟು ಇಟ್ಟು ಮುಗಿಸುತ್ತಿದ್ದ. ಅವನು ಹೋದ ಮೇಲೆ ಪೂಜೆ ನನ್ನ ಕೈಗೆ ಬಂತು. ಹಿಂಬದಿಗೆ ಇಟ್ಟರೆ ದೇವರಿಗೆ ಹೇಗೆ ಕಾಣುತ್ತದೆ? ಕೆಲಸ ಮಾಡುವುದು ಕಡ್ಡಿ, ಕಡ್ಡಿಗೇ ಸಲ್ಲಬೇಕು ಎಂದು ನಾನು ಎಣ್ಣೆಯಲ್ಲಿ ಕಲಸಿದ ಅರಿಶಿನ ಕುಂಕುಮವನ್ನು ಎರಡೂ ತುದಿಗೆ ಮೆತ್ತಿ ಹೂವು ಸುತ್ತುತ್ತಿದ್ದೆ. ಒರೆಸಿದರೆ ಪಾಪ ಎಂದು ಹಾಗೇ ಡಬ್ಬಿಗೆ. ಆರು ವರ್ಷದ ಭಕ್ತಿ ಒಣಗಿ ಕಲ್ಲಾಗಿ, ಕರೆಂಟಿಗೂ ಕಡ್ಡಿಗೂ ಮುಖಾಮುಖಿಯಾಗದ ಹಾಗೆ ಕುಳಿತಿತ್ತು. ಸೊಸೆ ಅಡಿಗೆಮನೆಯಲ್ಲಿ ದೇವರಿಗೆ ದೀಪ ಹಚ್ಚಿ ಗ್ಯಾಸ್ ಬಂದ್ ಮಾಡಲು ಮರೆತರೆ ಬುದ್ಧಿ ಹೇಳುವವಳು ನಾನು.

ಹಾಗಾದರೆ ಪೆಟ್ಟಿಗೆ ಸತ್ತಿದೆಯೋ ಬದುಕಿದೆಯೋ ಯಾರಿಗೂ ಗೊತ್ತಿಲ್ಲ. ಈ ಸಂಗತಿ ಮಾತ್ರ ನನಗೊಬ್ಬಳಿಗೇ ಗೊತ್ತು. ನಾನು ಕಡ್ಡಿಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಲೆಕ್ಕ ಹಾಕಿದೆ. ಬಾಯಿ ಮುಚ್ಚಿಕೊಂಡಿದ್ದರೆ ಏನಾಗುತ್ತದೆ? ಮಗ ಹೊಸ ಪೆಟ್ಟಿಗೆ ತರುತ್ತಾನೆ. ಹಳೆಯದೇ ಸರಿ ಇದ್ದರೆ ಹೊಸದನ್ನು ಹಾಕಿದರೂ ಮಷಿನ್ ಏಳುವುದಿಲ್ಲ. ಮೂರು ಗಂಟೆ ಬರುತ್ತದೆ, ಹೋಗುತ್ತದೆ. ಶಿಲ್ಪಾ ನಾಲ್ಕು ದಿನ ಮುಖ ಊದಿಸಿಕೊಂಡು ಐದನೆಯ ದಿನ ಹಿಟ್ಟು ನಾದುತ್ತಾಳೆ. ರೊಟ್ಟಿ ಬಿಸಿಬಿಸಿ ತಟ್ಟೆಗೆ ಬೀಳುತ್ತದೆ. ನಾನು ಏನೂ ಮಾಡಬೇಕಾಗಿಲ್ಲ, ಸುಮ್ಮನೆ ಕೂತರೆ ಸಾಕು, ಅದು ನನಗೆ ಚೆನ್ನಾಗಿಯೇ ಬರುತ್ತದೆ. ಆದರೆ ಸಂಜೆ ಆ ಮೆಕ್ಯಾನಿಕ್ ಬರುತ್ತಾನಲ್ಲ! ತನ್ನ ಮೀಟರು ತೆಗೆಯುತ್ತಾನೆ. ನೇರಳೆ ತಂತಿಯಲ್ಲಿ ಐದು ತೋರಿಸುತ್ತಾನೆ. ಯಾರು ಸತ್ತಿದೆ ಎಂದದ್ದು ಎಂದು ಕೇಳುತ್ತಾನೆ. ಬಾಗಿಲಲ್ಲಿ ಸುರೇಖಾತಾಯಿ, ಅವಳ ಹಿಂದೆ ಇನ್ನಿಬ್ಬರು.

ನಾನು ಎದ್ದು ಪಾತ್ರೆ ತಿಕ್ಕುವ ಸ್ಟೀಲಿನ ತಂತಿಯುಂಡೆ ತಂದು ಕಡ್ಡಿಗಳನ್ನು ಗಸಗಸ ತಿಕ್ಕಿದೆ. ಎಣ್ಣೆಯ ಕಲ್ಲು ಚಕ್ಕೆ ಚಕ್ಕೆಯಾಗಿ ಬಿತ್ತು. ಶಿಲ್ಪಾ ಬರಿಗೈಯಲ್ಲಿ ವಾಪಸು ಬಂದಾಗ ಇನ್ನೂ ತಿಕ್ಕುತ್ತಿದ್ದೆ. ವಿಷಯ ಹೇಳಿದೆ. ಸುತ್ತಿ ಬಳಸಿ ಹೇಳಲಿಲ್ಲ, ಮೀಟರು ಸುಳ್ಳು ಹೇಳಿತು, ಕುಂಕುಮ ನನ್ನದು ಎಂದೆ. ಅವಳು ನೆಲದ ಮೇಲಿನ ಕೆಂಪು ಚಕ್ಕೆ ನೋಡಿದಳು, ನನ್ನನ್ನು ನೋಡಿದಳು.

“ಅತ್ತಿ, ಪೂಜಾ ಮಾಡಿ ಮಾಡಿ ಅದಕ್ಕೆ ಅಂಧಾ ಮಾಡಿಬಿಟ್ರಾ?”

“ಮಾಡೀನಿ. ಈಗ ಬೈಬ್ಯಾಡ, ಫೋನ್ ಹಚ್ಚು. ಮೂರರ ಮ್ಯಾಲ ಎಷ್ಟು ಬೇಕಾದ್ರೂ ಬೈ.”

ಬಸವರಾಜ ಆಗಷ್ಟೇ ದಾದರ್ ತಲುಪಿದ್ದ. ಗದ್ದಲದಲ್ಲಿ ನಾನು ಹೇಳಿದ್ದು ಅವನಿಗೆ ತಲುಪುವ ಹೊತ್ತಿಗೆ ಗಾಡಿ ಬಿಡುವಂತಿತ್ತು. ಇಳಿಯಲೋ ಮುಂದೆ ಹೋಗಲೋ ಎಂದು ಕೇಳಿದ. ಇಳಿದು ಅಲ್ಲೇ ನಿಲ್ಲು, ಅಳೆದು ಹೇಳುತ್ತೇವೆ ಎಂದೆ. ರಜೆಯ ದಿನ ದಾದರ್ ಪ್ಲಾಟ್‌ಫಾರ್ಮಿನ ಮೇಲೆ ತಾಯಿಯ ಅಪ್ಪಣೆಗಾಗಿ ನಿಂತ ಮಗ! ಹಾಗೆ ಫೋನ್ ಕಿವಿಗೆ ಇಟ್ಟುಕೊಂಡೇ ನಿಂತ. ಈ ಕಡೆ ಮೀಟರನ್ನು ಶಿಲ್ಪಾಳ ಕೈಗೆ ಕೊಟ್ಟೆ. ನನ್ನ ಕಣ್ಣಿಗೂ ಈಗ ಸಣ್ಣ ಅಂಕಿ ಹಿಡಿಯುವುದಿಲ್ಲ. ಬೆಳಿಗ್ಗೆ ದೊಡ್ಡ ದುಂಡು ಸೊನ್ನೆ ಬಂದದ್ದರಿಂದ ಅದು ಯಾರಿಗೂ ಗೊತ್ತಾಗಿರಲಿಲ್ಲ. ಕಡ್ಡಿ ನಾನು ಹಿಡಿದೆ, ಅಂಕಿ ಅವಳು ಓದಿದಳು. ಮೊದಲು ಗೋಡೆಯ ಪ್ಲಗ್ಗು: ಅವಳು ಇಂಗ್ಲಿಷಿನಲ್ಲಿ ಏನೋ ಅಂದಳು. ಕನ್ನಡದಲ್ಲಿ ಹೇಳು ಎಂದೆ. ಕನ್ನಡದ ಅಂಕಿ ಅವಳಿಗೆ ಹತ್ತಕ್ಕೆ ನಿಲ್ಲುತ್ತದೆ. ಕೊನೆಗೆ “ದೋಸೌ ಇಕ್ತೀಸ್” ಎಂಬಲ್ಲಿಗೆ, ಅಂದರೆ ಇನ್ನೂರ ಮೂವತ್ತೊಂದಕ್ಕೆ, ಒಪ್ಪಂದವಾಯಿತು. ಮೀಟರಿಗೆ ಕಣ್ಣು ಬಂದಿತ್ತು.

ಗುಂಡಿಯನ್ನು ಮತ್ತೆ ಇಪ್ಪತ್ತಕ್ಕೆ ತಿರುವಿ ನೇರಳೆ ತಂತಿಗೆ ಚುಚ್ಚಿದೆ. “ಐದು,” ಎಂದಳು ಶಿಲ್ಪಾ. “ಐದು ಪಾಯಿಂಟ್ ಝೀರೋ ಏಳು.” ನಾನು ತಲೆಯಿಂದ ಹೇರ್‌ಪಿನ್ನು ತೆಗೆದು, ಅದನ್ನು ಬಾಗಿಸಿ, ಹಸಿರು ತಂತಿಯ ತೂತನ್ನೂ ಕಪ್ಪು ತಂತಿಯ ತೂತನ್ನೂ ಜೋಡಿಸಿದೆ. ಬಟನ್ ಮಾಡುವ ಕೆಲಸವನ್ನು ಆ ಹಸಿರು ತಂತಿ ಮಾಡುತ್ತದೆ, ಪೆಟ್ಟಿಗೆ ತಾನಾಗಿಯೇ ಏಳಬೇಕು. ಒಳಗಿನ ಪುಟ್ಟ ಫ್ಯಾನು ಗುರ್ ಎಂದು ತಿರುಗಿತು, ಆಫೀಸಿನ ಹಳೆಯ ಧೂಳು ನಮ್ಮ ಮುಖಕ್ಕೆ ಬಂತು. ಹಳದಿ? ಬಾರಾ ಪಾಯಿಂಟ್ ಒಂದು. ಕೆಂಪು? ಐದು. ಕಿತ್ತಳೆ? ಮೂರು ಪಾಯಿಂಟ್ ಮೂರು. ಒಂದೊಂದು ಅಂಕಿಗೂ ಅವಳ ದನಿ ಏರುತ್ತಿತ್ತು, ನನ್ನ ಮುಖ ಇಳಿಯುತ್ತಿತ್ತು. ನಾನು ಸತ್ತಿದೆ ಎಂದಿದ್ದ ಪೆಟ್ಟಿಗೆ ನನಗಿಂತ ಗಟ್ಟಿಮುಟ್ಟಾಗಿತ್ತು.

ಬಸವರಾಜನಿಗೆ ವಾಪಸು ಬಾ ಎಂದೆವು. ಅವನು ಹೆಚ್ಚು ಮಾತಾಡಲಿಲ್ಲ. “ಅವ್ವಾ, ಪಕ್ಕಾ ಹೇಳ್ತೀ? ಬೋರಿವಲಿ ಗಾಡಿ ಹತ್ತಿದ ಮ್ಯಾಲ ಮತ್ತ ಇಳೀ ಅನಬ್ಯಾಡ,” ಎಂದಷ್ಟೇ ಕೇಳಿದ. ಹಿಂದಿನಿಂದ ವಡೆ ಕರಿಯುವ ಸಪ್ಪಳ ಕೇಳಿಸುತ್ತಿತ್ತು, ಅವನ ಸಮಾಧಾನದ ಗುಟ್ಟು ಅದು.

ಪೆಟ್ಟಿಗೆ ಸರಿ ಇದೆ ಎಂದಾದರೆ ಕೆಟ್ಟದ್ದು ಏನು? ಗಂಟೆ ಒಂದೂವರೆ. ಕಂಪ್ಯೂಟರಿನ ಹೊಟ್ಟೆಯಲ್ಲಿ ಇರುವುದೆಲ್ಲ ನನಗೆ ಗೊತ್ತಿಲ್ಲ, ಗೊತ್ತಿದೆ ಎಂದು ಒಂದು ಸಲ ತೋರಿಸಿಕೊಂಡದ್ದೇ ಸಾಕಾಗಿತ್ತು. ಆದರೆ ಇಪ್ಪತ್ತು ವರ್ಷದಲ್ಲಿ ಮಿಕ್ಸರ್ ಹಿಡಿದು ಬಂದವರಲ್ಲಿ ಅರ್ಧ ಜನ ಮೋಟರ್ ಸುಟ್ಟಿದೆ ಎಂದೇ ಅಳುತ್ತ ಬರುತ್ತಿದ್ದರು, ಬಿಚ್ಚಿ ನೋಡಿದರೆ ಸ್ವಿಚ್ಚು ಸವೆದಿರುತ್ತಿತ್ತು. ಈ ಬಟನನ್ನು ಬೆಳಿಗ್ಗೆಯಿಂದ ಗಂಡ ಹೆಂಡತಿ ಒತ್ತಿ ಒತ್ತಿ ಸುಸ್ತಾಗಿದ್ದರು, ಅದನ್ನೇ ಅಳೆಯಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ. ಬಟನಿನ ಹಿಂದಿನಿಂದ ಎರಡು ಎಳೆಯಂಥ ತಂತಿ ಒಳಗಿನ ಹಲಗೆಗೆ ಹೋಗಿದ್ದವು. ಅದನ್ನು ಕೀಳಿಸಿ, ಮೀಟರನ್ನು ಸಿಳ್ಳೆ ಹೊಡೆಯುವ ಜಾಗಕ್ಕೆ ತಿರುವಿ, ಎರಡೂ ಎಳೆಗೆ ಕಡ್ಡಿ ಮುಟ್ಟಿಸಿ, ಶಿಲ್ಪಾಳಿಗೆ ಬಟನ್ ಒತ್ತಲು ಹೇಳಿದೆ. ಸರಿ ಇದ್ದರೆ ಮೀಟರು ಕುಂಯ್ ಎನ್ನಬೇಕು. ಅನ್ನಲಿಲ್ಲ. ಈ ಸಲ ನಾನು ಎರಡು ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿ ಮೊದಲು ಮೀಟರನ್ನೇ ಪರೀಕ್ಷೆ ಮಾಡಿದೆ. ಕುಂಯ್ ಎಂದಿತು. ಮತ್ತೆ ಬಟನ್. ಮೌನ. ಬಟನ್ ಸತ್ತಿತ್ತು. ಸತ್ತಿದೆ ಎಂದು ಈ ಸಲ ನಾನು ಬಾಯಿಬಿಟ್ಟು ಹೇಳಲಿಲ್ಲ, ಶಿಲ್ಪಾಳೇ ಹೇಳಿದಳು.

ದೊಡ್ಡ ಕನೆಕ್ಟರನ್ನು ವಾಪಸು ಕೂರಿಸಿ, ಆ ಎರಡು ಎಳೆಗಳು ಕುಳಿತಿದ್ದ ಮುಳ್ಳುಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಒಂದು ಕ್ಷಣ ಮುಟ್ಟಿಸಿದೆ. ಕಂಪ್ಯೂಟರ್ ಎದ್ದು ಕುಳಿತಿತು. ಶಿಲ್ಪಾ ನನ್ನ ಕಾಲಿಗೆ ಬೀಳಲಿಲ್ಲ, ಅಪ್ಪಿಕೊಳ್ಳಲೂ ಇಲ್ಲ. “ಅತ್ತಿ, ಜಲ್ದಿ ಊಟ ಮಾಡಿ ಹೊರಗ ಹೋಗ್ರಿ,” ಎಂದಳು.

ಹೊರಗೆ ಯಾಕೆಂದರೆ ಪರೀಕ್ಷೆಯ ಕ್ಯಾಮರಾದಲ್ಲಿ ಇನ್ನೊಬ್ಬರು ಕಾಣಬಾರದು, ಸದ್ದೂ ಕೇಳಬಾರದು. ಕೋಣೆಯೇ ಒಂದು. ನಾನು ಅಡಿಗೆಮನೆಯಲ್ಲಿ ಕೂತರೆ ನನ್ನ ಕೆಮ್ಮಿಗೂ ಅಂಕ ಕಳೆಯುತ್ತಾರಂತೆ. ಹಾಗಾಗಿ ಕಂಪ್ಯೂಟರ್ ಎಬ್ಬಿಸಿದ ಮಹಾತಾಯಿ ಒಂದು ಚಾಪೆ, ಒಂದು ನೀರಿನ ಬಾಟಲಿ ಹಿಡಿದು ಪ್ಯಾಸೇಜಿನಲ್ಲಿ ಕುಳಿತಳು. ಬಾಗಿಲು ಒಳಗಿನಿಂದ ಚಿಲಕ. ಮೂರು ಗಂಟೆಗೆ ಟಕಟಕ ಶುರುವಾಯಿತು. ಮಾರುಕಟ್ಟೆಯಿಂದ ಬಂದ ಸುರೇಖಾತಾಯಿ ನನ್ನನ್ನು ನೋಡಿ ಚೀಲ ಕೆಳಗಿಟ್ಟಳು. “ಕಾಯ್ ಆಜಿ, ಸುನೇನೇ ಬಾಹೇರ್ ಕಾಢಲಂ?” ಎಂದಳು. ಸೊಸೆ ಹೊರಗೆ ಹಾಕಿದಳೇ ಎಂದು. ಹೌದು ಎಂದೆ. ಅವಳ ಮುಖದಲ್ಲಿ ನನಗೆ ತಕ್ಕದ್ದಾಯಿತು ಎಂಬುದು ಕಂಡಿತು, ಆದರೂ ಪಾಪ, ಒಂದು ಲೋಟ ಚಹಾ ತಂದುಕೊಟ್ಟಳು. ಬಸವರಾಜ ಬಂದವನು ನನ್ನ ಪಕ್ಕದಲ್ಲೇ ಚಪ್ಪಲಿ ಬಿಚ್ಚಿ ಕುಳಿತ. ದಾದರಿನ ವಡೆ ನನಗೆ ಒಂದನ್ನೂ ತಂದಿರಲಿಲ್ಲ.

ಸಂಜೆ ಮೆಕ್ಯಾನಿಕ್ ಬಂದ. ಬಟನ್ ಬದಲಾಯಿಸಿದ. ತಾನು ಮೊದಲೇ ಬಟನ್ ಎಂದಿದ್ದೆ ಎಂದ. ಅವನಿಗೆ ನನ್ನ ಗಂಡನ ಸ್ವಭಾವ ಇರಲಿಲ್ಲ, ನನ್ನ ಸ್ವಭಾವ ಪೂರಾ ಇತ್ತು. ಹಾಗಾಗಿ ಒಳ್ಳೆಯ ಚಹಾ ಕೊಟ್ಟು ಕಳಿಸಿದೆ.

ಶಿಲ್ಪಾಳಿಗೆ ಕೆಲಸ ಸಿಕ್ಕಿತು. ಈಗ ಬೆಳಿಗ್ಗೆ ಎಂಟಕ್ಕೆ ಅವಳು ಬ್ಯಾಗು ಹೆಗಲಿಗೆ ಹಾಕಿ ಹೊರಡುತ್ತಾಳೆ, ಆರಕ್ಕೆ ನಾನು ಒಲೆಯ ಮುಂದೆ. ರೊಟ್ಟಿ ದಪ್ಪವಾಯಿತು ಎಂದು ಬಸವರಾಜ ಹೇಳುತ್ತಾನೆ, ಉಪ್ಪು ಹೆಚ್ಚಾಯಿತು ಎಂದು ಅವಳು ಆಸ್ಪತ್ರೆಯಿಂದ ಫೋನ್ ಮಾಡಿ ಹೇಳುತ್ತಾಳೆ. ಕೆಲಸಕ್ಕೆ ಹೋಗಲು ಶುರುಮಾಡಿದ ಮೇಲೆ ಅವಳ ಕನ್ನಡ ಸುಧಾರಿಸಿದೆ, ಬೈಯಲು ಹಿಂದಿ ಬೇಕಾಗುವುದಿಲ್ಲ. ಬಿಲ್ಡಿಂಗಿನಲ್ಲಿ ನನ್ನ ಹೆಸರು ಮಾತ್ರ ಎಲ್ಲಿಗೋ ಏರಿದೆ. ಸೊಸೆಯ ಕೆಲಸಕ್ಕಾಗಿ ಸ್ವತಃ ಮಷಿನ್ ಬಿಚ್ಚಿ ಕುಳಿತ ಅತ್ತೆಯನ್ನು ಎಲ್ಲೂ ಕಂಡಿಲ್ಲವಂತೆ. ಲಿಫ್ಟಿನಲ್ಲಿ ಈಗ ಬೆನ್ನು ಸವರುವುದು ನನ್ನದನ್ನು. ಎಂಥ ದೊಡ್ಡ ಮನಸ್ಸು ಆಜಿ ನಿಮ್ಮದು ಎನ್ನುತ್ತಾರೆ. ದೊಡ್ಡ ಮನಸ್ಸೂ ಇಲ್ಲ, ಮಣ್ಣೂ ಇಲ್ಲ. ಒಬ್ಬ ಮೆಕ್ಯಾನಿಕ್ ನಾಲ್ಕು ಜನರ ಮುಂದೆ ನನ್ನನ್ನು ನೋಡಿ ನಗುತ್ತಾನೆ ಎಂಬ ಒಂದು ಹೆದರಿಕೆಗೆ ನನ್ನ ಮಧ್ಯಾಹ್ನದ ನಿದ್ದೆ, ಬಿಸಿ ರೊಟ್ಟಿ, ಎರಡು ಮೊಣಕಾಲು ಎಲ್ಲ ಹೋದವು. ಅಷ್ಟು ಜಂಬ ಇಲ್ಲದಿದ್ದರೆ ಇವತ್ತು ಸುಖವಾಗಿ ಮಲಗಿರುತ್ತಿದ್ದೆ. ಒಂದೆರಡು ಸಲ ಅವರಿಗೆ ನಿಜ ಹೇಳಿಬಿಡೋಣ ಎಂದುಕೊಂಡೆ. ಆದರೆ ಬೆಳಗಾಗುವ ಮೊದಲೇ ಎದ್ದು ಉಳ್ಳಾಗಡ್ಡಿ ಹೆಚ್ಚುವವಳಿಗೆ ಅಷ್ಟಾದರೂ ಸುಳ್ಳು ಹೊಗಳಿಕೆ ಸಲ್ಲಬೇಡವೇ? ಈಗ ಯಾರಾದರೂ ಕೇಳಿದರೆ, ಹೌದ್ರೀ, ನನ್ನ ಮನಸ್ಸು ಮೊದಲಿನಿಂದಲೂ ದೊಡ್ಡದೇ ಎನ್ನುತ್ತೇನೆ.